ಮಾರಬಾರದ ಮೀನು

ದ್ರವ್ಯವೊಂದಿದ್ದರೆ ಲೋಕದಲ್ಲಿ ದೊರೆಯದ ಪದಾರ್ಥವಿಲ್ಲವೆಂಬುದು ಸಾಮಾನ್ಯವಾದ ನಂಬಿಕೆ. ನಮ್ಮ ಪೂರ್ವಿಕರಾದರೋ ವಿದ್ಯೆ, ಅನ್ನ ಮೊದಲಾದುವುಗಳ ವಿಕ್ರಯವನ್ನು ನಿಂದ್ಯವೆಂದೆಣಿಸಿದ್ದರು. ಅಂತಹ ಕಟ್ಟಳೆಯೊಂದು ನ್ಯೂಜಿಲೆಂಡ್ ದೇಶದಲ್ಲಿ ಮೀನಿಗೆ ಸಂದಿರುವುದನ್ನು ಕಂಡು ನಾನು ವಿಸ್ಮಿತನಾದೆನು. ಅಲ್ಲಿ ಟ್ರೌಟ್ ಮೀನನ್ನು ಮಾರುವುದೂ ಕೊಳ್ಳುವುದೂ ಶಾಸನವಿರುದ್ಧ. ತಿನ್ನಬೇಕೆಂಬವನು ಅಪ್ಪಣೆಚೀಟಿಯನ್ನು ಪಡೆದು ತಾನೇ ಹಿಡಿಯಬೇಕು. ಇಲ್ಲವೆ ಹಿಡಿದವನು ಪ್ರೀತಿಯಿಂದ ಕೊಟ್ಟುದನ್ನು ಸ್ವೀಕರಿಸಬೇಕು.

ಆ ದೇಶದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಟೌಪೊ ಸರೋವರದಲ್ಲಿ ಒಂದು ಹಗಲನ್ನು ಕಳೆಯುವ ಯೋಗ ಒದಗಿತು. ದೋಣಿಯು ಅಳಿಯಂದಿರ ಮಿತ್ರರದು. ಅವರು ತೂಫರೆತೋವ ಎಂಬ ಮಾವೋರಿ ಕುಲದವರು. ಜ್ವಾಲಾಮುಖಿಯು ಸಿಡಿದು ನೆಲವು ಕುಸಿದುದರಿಂದ ಉಂಟಾದ ಆ ಸರೋವರದ ವಿಸ್ತಾರವು ಸುಮಾರು 616 ಚದರ ಕಿಲೋಮೀಟರು; ಆಳವು ಒಂದೆಡೆ 186 ಮೀಟರಿನಷ್ಟು.

ಜನವರಿಯು ಅಲ್ಲಿ ಬೇಸಗೆ. ಮೇಲ್ನೀರು ಬಿಸಿಯಾಗಲು ಮೀನುಗಳು ತಣ್ಣೀರನ್ನರಸಿ ಕೆಳಗಿಳಿಯುತ್ತವೆ. ಆದುದರಿಂದ ಒಳಗೆ ಸೀಸದ ಎಳೆಯುಳ್ಳ ಭಾರವಾದ ದಾರವನ್ನು ಬಿಡುತ್ತಾರೆ. 10 ಗಜಕ್ಕೊಮ್ಮೆ ಅದರ ಬಣ್ಣವು ಬದಲಾಗುವುದರಿಂದ, ಬಣ್ಣಗಳನ್ನೆಣಿಸಿ ಎಷ್ಟು ದಾರ ಹೋಯಿತೆಂದು ತಿಳಿಯಬಹುದು. ದಾರದ ತುದಿಗೆ ಗಾಳವಡಗಿದ ಹುಸಿಮೀನು. ದೋಣಿಯು ಮನುಷ್ಯನ ನಡಿಗೆಯ ವೇಗದಲ್ಲಿ ಸಾಗುತ್ತಿರಲು, ಅದು ದೂರದಲ್ಲಿ ಜೀವವಿದ್ದಂತೆ ಓಲಾಡುತ್ತ ಬರುವುದು. ಈ ಬಗೆಯ ಬೇಟೆಗೆ ಟ್ರೋಲಿಂಗ್ ಎಂದು ಹೆಸರು.

ಮೂರು ತಾಸು ಕಳೆದ ಬಳಿಕ ಕೋಲಿನ ತುದಿಯು ಥಟ್ಟನೆ ಬಾಗಿತು. “ಮಾವನವರೆ, ತಾವು ಹಿಡಿಯುತ್ತೀರಾ?” ಎಂದು ಅಳಿಯಂದಿರು ಕೇಳಿದರು. ಹುಟ್ಟಿದಂದಿನಿಂದ ಸಸ್ಯಾಹಾರಿಯಾದ ನಾನು ಕೈ ಮುಂದೆ ಮಾಡಲಿಲ್ಲ. ಬೆಳ್ಳಿಯ ಮೈಗೆ ನಸುಗೆಂಪಿನ ಪಟ್ಟೆ ಬಳಿದಂತಿದ್ದ ಆ ಪ್ರಾಣಿಯನ್ನು ದೋಣಿಯವರು ಮೇಲಕ್ಕೆತ್ತಿ, ತಲೆಗೆ ಒಂದೇ ಪೆಟ್ಟು ಕೊಟ್ಟು ಮುಗಿಸಿದರು. ಕೆಲವು ಕ್ಷಣ ನನಗೆ ಮಾತು ಹೊರಡಲಿಲ್ಲ. ಆದರೂ ಒಂದು ಮಾತನ್ನು ಹೇಳಲೇಬೇಕು: ಅಲ್ಲಿ ಕೊಲೆಯು ಅಂಗಡಿಯ ಮರೆಯಲ್ಲಿ ಅಡಗಿರಲಿಲ್ಲ, ಉಣ್ಣುವವನೇ ಅದರ ಹೊಣೆಯನ್ನು ಹೊತ್ತಿದ್ದನು.

“ನಿಮ್ಮ ಹಿರಿಯರ ಆಹಾರವೂ ಇದೇ ಏನು?” ಎಂದು ಕೇಳಿದೆನು. ಅವರು ನಕ್ಕು, “ಇಲ್ಲ, ಇದೂ ನಿಮ್ಮ ಅಳಿಯನಂತೆ ವಲಸೆ ಬಂದುದು” ಎಂದರು.

ನಿಜವೇ. ಕ್ಯಾಲಿಫೋರ್ನಿಯಾದ ಮೂಲದ ಈ ಮೀನನ್ನು ವಿನೋದದ ಬೇಟೆಗಾಗಿ ಸರೋವರಕ್ಕೆ ಬಿಟ್ಟುದು 1898ರ ಸುಮಾರಿಗೆ. ಅದಕ್ಕೆ ಮೊದಲು ಬೆರಳುದ್ದದ ಕೋಆರೊ ಎಂಬ ಮೀನು ಆ ಕುಲದವರ ನಿತ್ಯದ ಆಹಾರವಾಗಿದ್ದಿತು. ಹೊಸಬರು ಅದನ್ನು ತಿಂದು ಬಹುಮಟ್ಟಿಗೆ ಬರಿದು ಮಾಡಿದರು. 1926ರಲ್ಲಿ ಸರೋವರದ ತಳವು ಸರಕಾರದ ಸ್ವತ್ತಾಯಿತು. ಗಾಳದವರಿಗೆ ದಡವು ತೆರೆಯಿತು. ಕುಲಕ್ಕೆ ಪ್ರತಿವರ್ಷವೂ ಹಣ ಸಲ್ಲುವಂತೆ ಒಪ್ಪಂದವಾಯಿತು. 1992ರಲ್ಲಿ ತಳದ ಒಡೆತನವು ಕುಲಕ್ಕೆ ಮರಳಿತು. ಕೋಆರೊವಿನ ಹಿಂದಿನ ಸಮೃದ್ಧಿಯು ಮರಳಲಿಲ್ಲ.

ಬೇಟೆಯ ಮೀನಿಗೆ ಬೆಲೆ ಕಟ್ಟಬಾರದೆಂದ ರಾಜ್ಯವೇ ಒಂದು ಜನದ ಪಿತ್ರಾರ್ಜಿತವಾದ ನೀರಿಗೆ ವರುಷಕ್ಕಿಷ್ಟೆಂದು ಬೆಲೆ ಕಟ್ಟಿತು. ವಿಕ್ರಯಿಸಬಾರದ ವಸ್ತುಗಳ ಪಟ್ಟಿಯನ್ನು ಬರೆಯುವುದು ಕಷ್ಟವಲ್ಲ. ಅದರಲ್ಲಿ ಮೊದಲು ಬರೆಯಬೇಕಾದುದು ನೆರೆಯವನ ಅನ್ನ. ಆ ಸಾಲೇ ಬಹುತೇಕ ಎಲ್ಲ ದೇಶಗಳ ಪಟ್ಟಿಯಲ್ಲಿಯೂ ಬಿಟ್ಟುಹೋಗಿದೆ.