ಧೂಳಿಲ್ಲದ ಎಲೆ

ಹೆಣ್ಣುಮಕ್ಕಳನ್ನು ಕಾಡಿಗೆ ಕರೆದೊಯ್ಯುವುದೆಂದರೆ ಹೆತ್ತವರು ಅಂಜುವುದು ಸಹಜ. ನಾನಾದರೂ ಎರಡು ವರುಷ ಅದನ್ನು ಮುಂದೂಡಿದವಳೇ. ಈ ಸಾರಿ ಮಳೆಗಾಲ ಕಳೆದೊಡನೆ, ದೇವರ ಮೇಲೆ ಭಾರ ಹಾಕಿ, ಮಕ್ಕಳೊಡನೆ ಸೇಡಂ ಮಾರ್ಗವಾಗಿ ಚಿಂಚೋಳಿಗೆ ಹೊರಟೆನು. ಅಲ್ಲಿಯ ಸುಮಾರು 135 ಚದರ ಕಿಲೋಮೀಟರು ಅರಣ್ಯವು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ತೊಗರಿಯ ಹೊಲಗಳನ್ನೇ ಕಂಡ ಕಣ್ಣುಗಳಿಗೆ ಗುಡ್ಡಗಳ ನಡುವಣ ಚಂದ್ರಂಪಳ್ಳಿಯ ಜಲಾಶಯವು ಒಮ್ಮೆಲೇ ಗೋಚರವಾದಾಗ, ಸದಾ ಗಲಭೆಯೆಬ್ಬಿಸುವ ಒಂಬತ್ತನೆಯ ತರಗತಿಯೂ ಮೌನವಾಯಿತು! ರೊಟ್ಟಿಯ ಬುತ್ತಿಯನ್ನು ಅಲ್ಲಿಯೇ ಬಿಚ್ಚಿದೆವು.

ಶಹಾಬಾದದ ಕಲ್ಲುಗಣಿಗಳ ಬಳಿ ಬೆಳೆದ ಒಬ್ಬ ಹುಡುಗಿಯು ತೇಗದ ಎಲೆಯೊಂದನ್ನು ಓಢಣಿಯಿಂದ ಒರಸಿ, ಓಢಣಿಯನ್ನು ತಿರುಗಿಸಿ ನೋಡಿ, "ಟೀಚರ್, ಇದರ ಮ್ಯಾಲ ಧೂಳೇ ಇಲ್ರೀ!" ಎಂದಳು. ಸಸ್ಯಗಳ ಪಾಠವನ್ನು ಅವಳಿಗೆ ಹೇಳಿದವಳು ನಾನೇ. ಅನುಮತಿಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ಬಾರಿ ಬಂದು ವಿಚಾರಿಸಿದ್ದ ಅವಳ ತಾಯಿಯವರು, ಮುಂದಿನ ವರುಷ ತಾವೂ ಬರುವೆವೆಂದು ಹೇಳಿಕಳುಹಿಸಿರುವರು.