ಸಾಲದ ಬೋಗುಣಿ

"ತಾತಾ, ನೀನು ಜೋಡ್ರೆಲ್ ಬ್ಯಾಂಕಿನಲ್ಲೂ ಕೆಲಸ ಮಾಡಿದ್ದೀಯಾ?" ಮೊನ್ನೆ ಓದುತ್ತಾ ಕೂತಿದ್ದ ಮೊಮ್ಮಗ ಕೇಳಿದ. ನಗು ಬಂತು. ಮಕ್ಕಳೇ, ಅದು ದುಡ್ಡಿನ ಬ್ಯಾಂಕಲ್ಲ, ಇಂಗ್ಲೆಂಡಿನ ಒಂದು ಜಾಗ. ಅಲ್ಲಿ ವಿಜ್ಞಾನಿ ಬರ್ನಾರ್ಡ್ ಲೊವೆಲ್, ಎಂಜಿನಿಯರ್ ಚಾರ್ಲ್ಸ್ ಹಸ್ಬೆಂಡ್ ಸೇರಿ 76 ಮೀಟರ್ ಅಗಲದ ಉಕ್ಕಿನ ಬೋಗುಣಿ ಕಟ್ಟಿಸಿದರು. ಆಕಾಶದಿಂದ ಬರುವ ರೇಡಿಯೋ ಅಲೆ ಹಿಡಿಯುವ ದೂರದರ್ಶಕ ಅದು. ಸುತ್ತ ತಿರುಗಲು ದುಂಡನೆಯ ರೈಲು ಹಳಿ. ಮೇಲೆ ಕೆಳಗೆ ವಾಲಿಸಲು ಹಳೆಯ ಯುದ್ಧನೌಕೆಗಳ ಫಿರಂಗಿ ಗೋಪುರದಿಂದ ಬಿಚ್ಚಿ ತಂದ ಗೇರುಗಳು!

ಖರ್ಚು ಅಂದಾಜು ಮೀರಿತು, ಸಾಲ ಬೆಳೆಯಿತು. 1957ರ ಅಕ್ಟೋಬರಿನಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಅದನ್ನು ಹೊತ್ತೊಯ್ದ ರಾಕೆಟ್ಟನ್ನು ಈ ಬೋಗುಣಿ ರೇಡಾರ್‌ನಿಂದ ಪತ್ತೆಹಚ್ಚಿತು. ಹೆಸರು ಬಂತು, ಸಾಲ ಮಾತ್ರ ತೀರಲಿಲ್ಲ. ಕೊನೆಗೆ 1960ರಲ್ಲಿ ಉದ್ಯಮಿ ಲಾರ್ಡ್ ನಫೀಲ್ಡ್ ಮುಂದೆ ಬಂದರು, ಬಾಕಿ ಚುಕ್ತಾ ಆಯಿತು.

ನಾನು ವರ್ಷಗಟ್ಟಲೆ ಸಾಲದ ಲೆಡ್ಜರ್ ಬರೆದವನು. ಆ ಖಾತೆ ನನ್ನ ಮೇಜಿಗೆ ಬಂದಿದ್ದರೆ 'ವಸೂಲಾಗದ ಬಾಕಿ' ಎಂದುಕೊಳ್ಳುತ್ತಿದ್ದೆ. ಆ ಬೋಗುಣಿಯೋ, ಇಂದಿಗೂ ಆಕಾಶಕ್ಕೆ ಕಿವಿಗೊಟ್ಟು ನಿಂತಿದೆ.

ನಿನ್ನೆ ಮೊಮ್ಮಗ ಪುಟ್ಟ ರೇಡಿಯೋ ಕಟ್ಟಲು 200 ರೂಪಾಯಿ ಕೇಳಿದ. ಕೊಟ್ಟೆ. ಯಾವಾಗ ವಾಪಸ್ ಕೊಡುತ್ತೀ ಎಂದು ಈ ಸಲ ಕೇಳಲಿಲ್ಲ.