ರಸ್ತೆಯಂಚಿನ ಹಳೆಯ ಕೊಳವೆ

ಸಹೋದರಿಯರೇ, ನಿಮ್ಮ ಅಡುಗೆಮನೆಯ ನಳ್ಳಿಗೆ ನೀರು ಯಾವ ದಾರಿಯಾಗಿ ಬರುತ್ತದೆಂದು ಎಂದಾದರೂ ಯೋಚಿಸಿದ್ದೀರಾ? ನೀರು ಬರುತ್ತಿರುವಷ್ಟು ದಿನ ಯಾರೂ ಯೋಚಿಸುವುದಿಲ್ಲ. ರಸ್ತೆ ಅಗಲವಾಗುವ ಸುದ್ದಿ ಬಂದಾಗಲೇ ಅದು ನೆನಪಾಗುವುದು.

ನಮ್ಮ ಮನೆಯಿರುವುದು ಕರಾವಳಿಯ ಹೆದ್ದಾರಿಯ ಬದಿಯಲ್ಲಿ. ಹಿಂದೆ ಅದನ್ನು ರಾಷ್ಟ್ರೀಯ ಹೆದ್ದಾರಿ 17 ಎನ್ನುತ್ತಿದ್ದೆವು. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾದಾಗ ಅದು 66 ಆಯಿತು. ಕೆಲವು ವರ್ಷಗಳಲ್ಲಿ ಚತುಷ್ಪಥದ ಕೆಲಸ ನಮ್ಮೂರಿಗೂ ಬಂತು. ಅಂಗಡಿಗಳು, ಮರಗಳು, ವಿದ್ಯುತ್ ಕಂಬಗಳು ಹೋದದ್ದನ್ನು ಎಲ್ಲರೂ ನೋಡಿದರು. ಮಣ್ಣಿನಡಿಯಲ್ಲಿದ್ದ ಬೀಡುಕಬ್ಬಿಣದ ಹಳೆಯ ನೀರಿನ ಕೊಳವೆಯ ಬಗ್ಗೆ ಯಾರೂ ಮಾತಾಡಲಿಲ್ಲ.

ಅದನ್ನು ತೆಗೆಯಲೇಬೇಕಿತ್ತೇ? ಹೌದು. ಹಿಂದಿನ ಕಾಲದಲ್ಲಿ ಇಂಥ ಕೊಳವೆಗಳ ಸಂದಿಗೆ ಸೆಣಬಿನ ನೂಲು ತುಂಬಿ, ಕರಗಿಸಿದ ಸೀಸ ಹೊಯ್ದು ಜೋಡಿಸುತ್ತಿದ್ದರು. ಮೇಲೆ ಭಾರದ ಲಾರಿಗಳು ಓಡಿದರೆ ಆ ಸಂದು ಸಡಿಲವಾಗುತ್ತದೆ. ಸೋರಿದ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗಿ ರಸ್ತೆ ಕುಸಿಯುತ್ತದೆ. ಆದ್ದರಿಂದ ಕೊಳವೆ ರಸ್ತೆಯಡಿಯಿಂದ ಪಕ್ಕಕ್ಕೆ ಸರಿಯಲೇಬೇಕು.

ಆದರೆ ಅದಕ್ಕೊಂದು ಕ್ರಮವಿದೆ. ಮೊದಲು ಹೊಸ ಕೊಳವೆ ಹಾಕಬೇಕು. ಒತ್ತಡದಲ್ಲಿ ನೀರು ತುಂಬಿಸಿ ಸೋರಿಕೆ ನೋಡಬೇಕು. ಕ್ಲೋರಿನ್ ಹಾಕಿ ಶುದ್ಧಗೊಳಿಸಿ ತೊಳೆಯಬೇಕು. ಆ ಮೇಲೆ ಸ್ವಲ್ಪ ಹೊತ್ತು ನೀರು ನಿಲ್ಲಿಸಿ ಸಂಪರ್ಕ ಕೊಟ್ಟು, ಕೊನೆಗೆ ಹಳೆಯದನ್ನು ಕೀಳಬೇಕು. ನಮ್ಮಲ್ಲಿ ಮೊದಲು ಬಂದದ್ದು ಜೆಸಿಬಿ! ಹನ್ನೆರಡು ದಿನ ನಳ್ಳಿ ಒಣಗಿತು.

ಹನ್ನೆರಡು ದಿನವೆಂದರೆ ಎಷ್ಟು ಎಂಬುದನ್ನು ಗಂಟೆಯಲ್ಲಲ್ಲ, ಕೊಡಪಾನದಲ್ಲಿ ಲೆಕ್ಕ ಹಾಕಿ. 2019ರಲ್ಲಿ ಆರಂಭವಾದ ಜಲಜೀವನ್ ಯೋಜನೆ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಬೇಕೆನ್ನುತ್ತದೆ. ಆರು ಜನರ ಮನೆಗೆ 330 ಲೀಟರ್. 15 ಲೀಟರಿನ ಕೊಡಪಾನದಲ್ಲಿ ಹೊತ್ತರೆ 22 ಸಲ! ಹೊರುವವರು ಯಾರು? ಆ ದಿನಗಳಲ್ಲಿ ನನ್ನ ತರಗತಿಯ ಗಂಡುಮಕ್ಕಳು ಸಮಯಕ್ಕೆ ಸರಿಯಾಗಿ ಬರುತ್ತಿದ್ದರು. ತಡವಾಗಿ, ಒದ್ದೆಯಾದ ಬಟ್ಟೆಯಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದವರೆಲ್ಲ ಹೆಣ್ಣುಮಕ್ಕಳು. ಪರೀಕ್ಷೆಗೆ ಎರಡೇ ವಾರ ಉಳಿದಿತ್ತು. ರಸ್ತೆಯ ಖರ್ಚಿನ ಪಟ್ಟಿಯಲ್ಲಿ ಆ ಮಕ್ಕಳ ತಪ್ಪಿಹೋದ ಪಾಠ ಎಲ್ಲಿಯೂ ಸೇರುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಕೆಲಸದವರ ನಕ್ಷೆಯಲ್ಲಿ ದೊಡ್ಡ ಕೊಳವೆ ಮಾತ್ರ ಇತ್ತು. ರಸ್ತೆಯನ್ನು ಅಡ್ಡ ದಾಟಿ ಆಚೆಯ ಮನೆಗಳಿಗೆ ಹೋಗುವ ಸಣ್ಣ ಕೊಳವೆಗಳಿರಲಿಲ್ಲ. ಅಂಥವು ಎರಡಿವೆ ಎಂದು ನೀರು ಬಿಡುವವರು ಹೇಳಿದರು. ಆಗ, ಮೂವತ್ತು ವರ್ಷಗಳಿಂದ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದ ನೆರೆಮನೆಯ ತಾಯಿ ನನ್ನನ್ನು ಕರೆದರು. "ಟೀಚರೇ, ಆ ಹಲಸಿನ ಬೊಡ್ಡೆಯ ಹತ್ತಿರ ಇನ್ನೊಂದು ಉಂಟು. ಕಡು ಬೇಸಿಗೆಯಲ್ಲೂ ಅಲ್ಲಿ ಹುಲ್ಲು ಹಸಿರಾಗಿರುತ್ತದೆ, ನೋಡಿ" ಎಂದರು. ನಾನು ಮೇಸ್ತ್ರಿಗೆ ತಿಳಿಸಿದೆ. ಅಗೆದಾಗ ಕೊಳವೆ ಸಿಕ್ಕಿತು. ಏಳು ಮನೆಗಳ ನೀರು ಅದರಲ್ಲಿತ್ತು! ಡಾಮರು ಬೀಳುವ ಮೊದಲೇ ಅಲ್ಲಿ ದೊಡ್ಡ ಕೊಳವೆಯೊಂದನ್ನು ಅಡ್ಡ ಹೂತು, ಅದರೊಳಗಿಂದ ನೀರಿನ ಕೊಳವೆ ದಾಟಿಸಿದರು. ಮುಂದೆ ಸೋರಿದರೂ ರಸ್ತೆ ಅಗೆಯಬೇಕಾಗಿಲ್ಲ. ಆ ತಾಯಿ ಯಾವ ಸಭೆಗೂ ಹೋದವರಲ್ಲ. ಅವರನ್ನು ಯಾರೂ ಕೇಳಿಯೂ ಇರಲಿಲ್ಲ.

ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ. ಹೆರಿಗೆ ನೋವಿನ ಹೆಣ್ಣುಮಗಳು ಬೇಗ ಆಸ್ಪತ್ರೆ ಮುಟ್ಟಲು ಒಳ್ಳೆಯ ರಸ್ತೆಯೇ ಬೇಕು. ಆದರೆ ನೀರಿನ ಕಷ್ಟ ಹೊರುವವರು ನೀರಿನ ಮಾತನ್ನೂ ಆಡಬೇಕು. ನಿಮ್ಮೂರಲ್ಲಿ ರಸ್ತೆ ಅಗಲವಾಗುವುದಿದ್ದರೆ ಗ್ರಾಮಸಭೆಗೆ ನಾಲ್ಕೈದು ಮಂದಿ ಜೊತೆಯಾಗಿ ಹೋಗಿ. ಹೊಸ ಕೊಳವೆಯಲ್ಲಿ ನೀರು ಬಂದ ಮೇಲೆಯೇ ಹಳೆಯದನ್ನು ಕೀಳುತ್ತೀರಾ? ರಸ್ತೆಯಾಚೆಯ ಮನೆಗಳಿಗೆ ಕೊಳವೆ ಎಲ್ಲಿ ದಾಟುತ್ತದೆ? ನೀರು ನಿಲ್ಲುವ ದಿನ ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತದೆ? ಈ ಮೂರನ್ನೂ ಬರೆದುಕೊಟ್ಟು, ಅರ್ಜಿ ತಲುಪಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಹೋಗುವ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು, ಬೇಸಿಗೆಯಲ್ಲಿ ಹುಲ್ಲು ಎಲ್ಲಿ ಹಸಿರಾಗಿರುತ್ತದೆಂದು ಕೇಳಿ ಬರೆದಿಟ್ಟುಕೊಳ್ಳಿ.